ನಮ್ಮ ತಂಡ ಮೂರನೆಯ ಕ್ವಾರ್ಟರಿನಲ್ಲಿ ಸೋಲುವುದೇಕೆ

ಈ ಸೀಸನ್ನಿನಲ್ಲಿ ನಮ್ಮ ತಂಡ ಕಂಡ ಸೋಲುಗಳ ಪರಿಣಾಮವನ್ನು ಅನುಭವಿಸಿದವರು ಹನ್ನೆರಡು ಮಂದಿ ಆಟಗಾರರು. ಅಂಪೈರುಗಳಲ್ಲ, ವೇಳಾಪಟ್ಟಿ ಮಾಡಿದವರಲ್ಲ, ಬೌಂಡರಿಯ ಹೊರಗೆ ಮಡಿಸುವ ಕುರ್ಚಿ ಹಾಕಿಕೊಂಡು ಕೂಗುತ್ತಿದ್ದ ನಾನಂತೂ ಖಂಡಿತ ಅಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸುತ್ತಿದ್ದೇನೆ, ಏಕೆಂದರೆ ಅನ್ಯಾಯದ ಬಗ್ಗೆ ಮಾತನಾಡುವವರು ಪೆಟ್ಟು ಬಿದ್ದದ್ದು ಯಾರಿಗೆ ಎಂಬುದನ್ನು ಮೊದಲು ಹೇಳಬೇಕು ಎಂಬುದು ನಾನು ಓದಿದ ಶಾಲೆಯ ನಿಯಮ. ಬೆಂಗಳೂರಿನ ಆ ಶಾಲೆಯಲ್ಲಿ ಪರೀಕ್ಷೆಯೂ ಇರಲಿಲ್ಲ, ರ್‍ಯಾಂಕೂ ಇರಲಿಲ್ಲ. ಬದಲಿಗೆ ಪ್ರತಿ ಶುಕ್ರವಾರ ಎಲ್ಲರೂ ವೃತ್ತಾಕಾರವಾಗಿ ಕುಳಿತು ಆ ವಾರ ಕಂಡ ತಪ್ಪುಗಳನ್ನು ಹೆಸರಿಸಬೇಕಾಗಿತ್ತು. ಉಳಿದ ಮಕ್ಕಳು ಪೆನ್ಸಿಲ್ ಕಳೆದದ್ದು, ಸಾಲು ಮುರಿದದ್ದು ಇಷ್ಟಕ್ಕೆ ಮುಗಿಸುತ್ತಿದ್ದರು. ನಾನು ಮಾತ್ರ ಊಟದ ಗಂಟೆ ಬಾರಿಸುವ ಹಕ್ಕು ಎತ್ತರದ ಮಕ್ಕಳಿಗಷ್ಟೇ ಏಕೆ ಎಂಬಲ್ಲಿಂದ ಆರಂಭಿಸಿ, ಟೀಚರು ಎರಡನೆಯ ಸಲ ಗಡಿಯಾರ ನೋಡುವವರೆಗೆ ಮುಂದುವರಿಯುತ್ತಿದ್ದೆ. ಈಗ ಅಮೆರಿಕದ ರಾಲಿಯಲ್ಲಿ ಬಾಡಿಗೆದಾರರ ಪರವಾಗಿ ದೂರಿನ ಪತ್ರಗಳನ್ನು ಬರೆಯುವುದೇ ನನ್ನ ಉದ್ಯೋಗ. ಯಾರ ಮೇಲೂ ಪತ್ರ ಬರೆಯದ ವಾರ ನನಗೆ ಸರಿಯಾಗಿ ಹಸಿವಾಗುವುದಿಲ್ಲ ಎಂದು ನನ್ನ ಗಂಡ ಶ್ರೀಧರ ಹೇಳುತ್ತಾನೆ.

ತಂಡ ಎಂದೆನಲ್ಲ, ಅದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ತಂಡ. ಇಂಥದೊಂದು ಆಟ ಇದೆಯೆಂದು ನನಗೂ ಗೊತ್ತಿರಲಿಲ್ಲ. ಚೆಂಡು ಮೊಟ್ಟೆಯ ಆಕಾರದ್ದು, ಮೈದಾನವೂ ಮೊಟ್ಟೆಯ ಆಕಾರದ್ದು. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿರುತ್ತವೆ. ಚೆಂಡನ್ನು ಒದ್ದು ನಡುವಿನ ಎರಡು ಕಂಬಗಳ ಮಧ್ಯೆ ಕಳಿಸಿದರೆ ಆರು ಅಂಕ. ಗುರಿ ತಪ್ಪಿ ಪಕ್ಕದ ಕಂಬದ ಕಡೆ ಹೋದರೂ ಒಂದು ಅಂಕ ಕೊಡುತ್ತಾರೆ. ತಪ್ಪಿದವನಿಗೂ ಏನಾದರೂ ಸಿಗಬೇಕು ಎಂಬ ಈ ಒಂದೇ ನಿಯಮಕ್ಕೆ ಮನಸೋತು ನಾನು ಅಭಿಮಾನಿಯಾದೆ. ಆಸ್ಟ್ರೇಲಿಯಾದಲ್ಲಿ ಒಂದೊಂದು ತಂಡಕ್ಕೆ ಹದಿನೆಂಟು ಮಂದಿ ಆಡುತ್ತಾರಂತೆ. ರಾಲಿಯಲ್ಲಿ ಅಷ್ಟು ಜನ ಎಲ್ಲಿ ಸಿಗಬೇಕು? ನಾವು ಒಂಬತ್ತು ಮಂದಿಯಿಂದ ಆಡುತ್ತೇವೆ, ಪಕ್ಕದಲ್ಲಿ ಮೂವರು ಏದುಸಿರು ಬಿಡುತ್ತಾ ಕಾಯುತ್ತಿರುತ್ತಾರೆ.

ಶ್ರೀಧರ ಈ ತಂಡಕ್ಕೆ ಸೇರಿದ್ದು ನಲವತ್ತನಾಲ್ಕನೆಯ ವಯಸ್ಸಿನಲ್ಲಿ. ಲಾಕ್‌ಡೌನಿನಲ್ಲಿ ಮನೆಯಿಂದ ಕೆಲಸ ಮಾಡಲು ಕುಳಿತವನು ಎಲ್ಲ ತೆರೆದ ಮೇಲೂ ಎದ್ದಿರಲಿಲ್ಲ. ಅವನು ದಿನವಿಡೀ ಮಾತನಾಡುತ್ತಿದ್ದದ್ದು ಡೇಟಾಬೇಸಿನ ಜೊತೆ, ಸಂಜೆ ನಮ್ಮ ಜೊತೆ ಎರಡು ವಾಕ್ಯ. ಅವನ ಸಹೋದ್ಯೋಗಿ ಬ್ರೆಟ್ ಎಂಬ ಆಸ್ಟ್ರೇಲಿಯಾದವರು ಒಮ್ಮೆ ಪಿಕ್‌ನಿಕ್ಕಿನಲ್ಲಿ ಎಸೆದ ಸೋಡಾ ಕ್ಯಾನನ್ನು ಇವನು ಹಿಂದೆ ಬಾಗಿ ಒಂದೇ ಕೈಯಲ್ಲಿ ಹಿಡಿದ. ಮೈಸೂರಿನ ಕಾಲೇಜಿನ ಕ್ರಿಕೆಟ್ಟಿನಲ್ಲಿ ಸ್ಲಿಪ್ಪಿನಲ್ಲಿ ನಿಂತ ಕೈ ಅದು. ಈ ಆಟದಲ್ಲಿ ಎತ್ತರದ ಚೆಂಡನ್ನು ಹಿಡಿಯುವವನಿಗೆ ಬಲು ಬೆಲೆ. ಬ್ರೆಟ್ ಕೋಚ್ ಆಗಿದ್ದರು. ಮುಂದಿನ ಶನಿವಾರವೇ ಇವನನ್ನು ಕರೆದೊಯ್ದರು. ಅಂದು ಮಧ್ಯಾಹ್ನ ಮೊಣಕೈ ತರಚಿಕೊಂಡು ಮನೆಗೆ ಬಂದ ಶ್ರೀಧರ ಊಟದ ಮೇಜಿನಲ್ಲಿ ಒಂದು ಗಂಟೆ ಮಾತನಾಡಿದ. ನಾನು ಮೊಣಕೈಗೆ ಔಷಧಿ ಹಚ್ಚುವುದನ್ನೇ ಮರೆತು ಕೇಳಿಸಿಕೊಂಡೆ.

ಆದ್ದರಿಂದ ಈ ವರ್ಷದ ಆರಂಭದಲ್ಲಿ ಬ್ರೆಟ್ ಹೇಳಿದ ಮಾತು ನಮ್ಮ ಮನೆಯಲ್ಲಿ ಯಾರಿಗೂ ತಮಾಷೆಯಾಗಿ ಕೇಳಿಸಲಿಲ್ಲ. ಕಳೆದ ಸೀಸನ್ನಿನಲ್ಲಿ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಈ ಸಲವೂ ಹಾಗೆಯೇ ಆದರೆ ಹುಡುಗರು ಮತ್ತೆ ಬರುವುದಿಲ್ಲ, ಕರೆಯುವ ಮುಖವೂ ತನಗಿರುವುದಿಲ್ಲ, ತಂಡವನ್ನು ಮುಚ್ಚುವುದೇ ಸರಿ ಎಂದರು. ಶ್ರೀಧರ ಏನೂ ಹೇಳದೆ ಬೂಟಿನ ಮಣ್ಣು ಕೆರೆಯುತ್ತಾ ಕುಳಿತ. ಆ ಮೌನ ನನಗೆ ಲಾಕ್‌ಡೌನಿನಿಂದಲೇ ಪರಿಚಿತವಾಗಿತ್ತು. ಈ ತಂಡವನ್ನು ಉಳಿಸಲು ನನ್ನಿಂದಾದದ್ದೆಲ್ಲವನ್ನೂ ಮಾಡುವೆನೆಂದು ನಾನು ಅಂದೇ ನಿರ್ಧರಿಸಿದೆ.

ಮೊದಲು ಮಾಡಿದ್ದು ಆಹಾರದ ಸುಧಾರಣೆ. ನಾಲ್ಕು ಕ್ವಾರ್ಟರುಗಳಲ್ಲಿ ಎರಡು ಮುಗಿದು ಅರ್ಧ ಆಟವಾದಾಗ ಆಟಗಾರರಿಗೆ ಕಿತ್ತಳೆ ಹಣ್ಣಿನ ಹೋಳು ಕೊಡುವುದು ಈ ಆಟದ ಪದ್ಧತಿ. ನಲವತ್ತು ನಿಮಿಷ ಓಡಿದ ಮನುಷ್ಯನಿಗೆ ಒಂದು ಹೋಳು ಕಿತ್ತಳೆ! ದುಡಿದವರಿಗೆ ಹೊಟ್ಟೆ ತುಂಬ ಅನ್ನ ಸಿಗಬಾರದೆ? ನಾನು ಐಸ್ ಹಾಕಿಡುವ ದೊಡ್ಡ ಕೂಲರ್ ಪೆಟ್ಟಿಗೆಯಲ್ಲಿ ಟವೆಲ್ ಸುತ್ತಿ ಬಿಸಿಬೇಳೆಬಾತ್ ತೆಗೆದುಕೊಂಡು ಹೋದೆ. ಮೇಲೆ ತುಪ್ಪ, ಪಕ್ಕದಲ್ಲಿ ಬೂಂದಿ. ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಇನ್ನೊಬ್ಬರು ಬೇಡ ಎಂದರೆ ಬೇಡ, ಅದಕ್ಕೆ ಕಾರಣ ಕೇಳುವ ಅಧಿಕಾರವೂ ನಮಗಿಲ್ಲ ಎಂದು ಹಲವು ಸಭೆಗಳಲ್ಲಿ ಭಾಷಣ ಮಾಡಿದ್ದೇನೆ. ಆದರೆ ಕೈಗೆ ಸೌಟು ಬಂದರೆ ನನ್ನೊಳಗಿನ ಪ್ರಜಾಪ್ರಭುತ್ವ ಅಲ್ಲಿಗೆ ಮುಗಿಯಿತು. ಡೇಲ್ ಎಂಬ ಆರಡಿ ಮೂರಂಗುಲದ ಟ್ರಕ್ ಮೆಕ್ಯಾನಿಕ್ "ನೋ ಮ್ಯಾಮ್, ಐ ಆ್ಯಮ್ ಗುಡ್" ಎಂದು ತಟ್ಟೆಗೆ ಅಡ್ಡ ಹಿಡಿದ ಅಂಗೈಯ ಸಂದಿಯಿಂದಲೇ ನಾನು ಎರಡನೆಯ ಸೌಟು ಇಳಿಸಿದೆ. ತಣ್ಣಗಾದರೆ ಇದಕ್ಕೆ ರುಚಿಯಿಲ್ಲ, ಈಗಲೇ ತಿನ್ನಬೇಕು ಎಂದು ಎಲ್ಲರಿಗೂ ತಿಳಿಹೇಳಿದೆ. ಅಮೆರಿಕದ ಈ ದಕ್ಷಿಣದ ಸೀಮೆಯ ಹುಡುಗರು ಅಮ್ಮಂದಿರ ವಯಸ್ಸಿನವರಿಗೆ ಎದುರಾಡುವುದಿಲ್ಲ. ತಿಂದರು. ತಟ್ಟೆ ಖಾಲಿಯಾದದ್ದು ಕಂಡು ನನಗಾದ ಸಂತೋಷವನ್ನು ಏನು ಹೇಳಲಿ!

ಏಳು ಪಂದ್ಯಗಳು ಮುಗಿಯುವ ಹೊತ್ತಿಗೆ ನಾವು ಆರನ್ನು ಸೋತು, ಒಂದನ್ನು ಸಮ ಮಾಡಿಕೊಂಡಿದ್ದೆವು. ಡುಲುತ್‌ನ ತಂಡದ ಎದುರು ಆಡಲು ಆರು ಗಂಟೆ ಡ್ರೈವ್ ಮಾಡಿಕೊಂಡು ಹೋಗಿ, ಅಲ್ಲಿಯೂ ಬಡಿಸಿ, ಅಲ್ಲಿಯೂ ಸೋತು ಬಂದೆವು. ಉಳಿದದ್ದು ಸೆಂಟರ್‌ವಿಲ್‌ನವರ ಜೊತೆ ನಮ್ಮದೇ ಮೈದಾನದಲ್ಲಿ ಕೊನೆಯ ಪಂದ್ಯ. ಆ ವಾರ ಬ್ರೆಟ್, ತಂಡದ ಸುದ್ದಿಪತ್ರಕ್ಕೆ ಸೀಸನ್ನಿನ ಬಗ್ಗೆ ಅಭಿಮಾನಿಯ ದೃಷ್ಟಿಯಿಂದ ಅರ್ಧ ಪುಟ ಬರೆದುಕೊಡುವಿರಾ ಎಂದು ಕೇಳಿದರು. ಪಾಪ, ಅವರಿಗೆ ನನ್ನ ಶಾಲೆಯ ವಿಚಾರ ತಿಳಿದಿರಲಿಲ್ಲ. ನಾನು ಹನ್ನೊಂದು ಪುಟ ಬರೆದೆ. ಮೂರನೆಯ ಕ್ವಾರ್ಟರಿನಲ್ಲಿ ಸೂರ್ಯ ಸದಾ ನಮ್ಮವರ ಕಣ್ಣಿಗೇ ಬೀಳುವಂತೆ ಕಂಬ ನೆಟ್ಟದ್ದು, ಕುಳ್ಳ ಅಂಪೈರು ಎದುರಾಳಿಗಳ ಜೊತೆ ನಗುನಗುತ್ತಾ ಮಾತನಾಡಿದ್ದು, ಬೇಸಿಗೆಯ ಸೆಕೆಯಲ್ಲಿ ನೀರಿನ ವಿರಾಮ ಕೊಡದಿದ್ದದ್ದು, ಎಲ್ಲವನ್ನೂ ಹೆಸರಿಸಿದೆ. ಸಮವಾದ ಒಂದು ಪಂದ್ಯವನ್ನು ವಿಶೇಷವಾಗಿ ಉಲ್ಲೇಖಿಸಿದೆ. ಬಾಡಿಗೆದಾರರ ಸಭೆಯೊಂದಿದ್ದ ಕಾರಣ ನಾನು ಆ ದಿನ ಹೋಗಿರಲಿಲ್ಲ. ಆದರೆ ಆ ವಾರವಷ್ಟೇ ಅಂಪೈರುಗಳ ಮೇಲ್ವಿಚಾರಕರಿಗೆ ನಾಲ್ಕು ಪುಟದ ಪತ್ರ ಬರೆದಿದ್ದೆ. ಪತ್ರದ ಪರಿಣಾಮ ಕಣ್ಣೆದುರಿಗೇ ಇದೆ ಎಂದು ಬರೆದೆ.

ಆಧಾರವಿಲ್ಲದೆ ಆರೋಪ ಮಾಡಬಾರದಲ್ಲ, ಪ್ರತಿ ಕ್ವಾರ್ಟರಿನ ಅಂಕಗಳ ಒಂದು ಚಾರ್ಟ್ ಮಾಡಿಕೊಡು ಎಂದು ಮಗಳು ಅನಘಳಿಗೆ ಹೇಳಿದೆ. ಅವಳಿಗೆ ಹದಿನಾಲ್ಕು. ಚಾರ್ಟ್ ಮುಗಿಸಿ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ಅಮ್ಮಾ, ಡೋಂಟ್ ಗೆಟ್ ಮ್ಯಾಡ್. ಹಾಫ್‌ಟೈಮ್ ತನಕ ನಾವು ಓಕೆ. ಮೋಸ್ಟ್ಲಿ ವಿನ್ನಿಂಗ್. ಆಮೇಲೆ ಥರ್ಡ್ ಕ್ವಾರ್ಟರ್ ನೋಡು. ಝೀರೋ, ಝೀರೋ, ಒನ್, ಝೀರೋ..."

"ಅದನ್ನೇ ನಾನೂ ಬರ್ದಿರೋದು. ಸೂರ್ಯ ಕಣ್ಣಿಗೆ ಬೀಳುತ್ತೆ."

"ಕ್ವಾರ್ಟರ್ ಆದ್ಮೇಲೆ ಸೈಡ್ಸ್ ಚೇಂಜ್ ಮಾಡ್ತಾರೆ ಅಮ್ಮಾ. ಸನ್ ಎಲ್ರಿಗೂ ಬೀಳುತ್ತೆ. ಆ ಟೈ ಆಗಿದ್ದು ಗೇಮಲ್ಲಿ ಮಾತ್ರ ಥರ್ಡ್ ಕ್ವಾರ್ಟರ್ ಬೆಸ್ಟ್. ಆವತ್ತು ನೀನು ಇರ್ಲಿಲ್ಲ." ಆ ಸಾಲಿನ ಮೇಲೆ ಬೆರಳಿಟ್ಟು ಹೇಳಿದಳು: "ಇಟ್ಸ್ ನಾಟ್ ದಿ ಅಂಪೈರ್. ಇಟ್ಸ್ ದಿ ಬಿಸಿಬೇಳೆಬಾತ್."

ನಾನು ಚಾರ್ಟನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದೆ. ಬೇರೆಯವರ ಮೇಲೆ ಇಂಥ ಚಾರ್ಟ್ ಸಿಕ್ಕಿದ್ದರೆ ನಾನು ಅದನ್ನು ಫ್ರೇಮ್ ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕುತ್ತಿದ್ದೆ. ಎದ್ದು ಶ್ರೀಧರನ ಬಳಿಗೆ ಹೋದೆ. ಅವನು ಗ್ಯಾರೇಜಿನಲ್ಲಿ ಮಂಡಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

"ನಿಜ ಹೇಳು. ನನ್ನ ಅಡುಗೆ ತಿಂದ್ಮೇಲೆ ನಿಮಗೆ ಓಡಕ್ಕೆ ಆಗ್ತಿರ್ಲಿಲ್ವಾ?"

"ಓಡಕ್ಕೇನು, ಓಡ್ತಿದ್ವಿ." ಪಟ್ಟಿಯನ್ನು ಇನ್ನೊಂದು ಸುತ್ತು ಸುತ್ತಿದ. "ನಿದ್ದೆ ಬರ್ತಿತ್ತು, ಅಷ್ಟೆ."

"ಯಾವತ್ತಿಂದ ಗೊತ್ತು ನಿಂಗೆ?"

"ಮೊದಲನೇ ಮ್ಯಾಚಿಂದ."

"ಶ್ರೀಧರಾ! ಟೀಮೇ ಮುಚ್ಚೋಗ್ತಿದೆ, ನೀನು ಒಂದ್ ಮಾತು ಹೇಳ್ಬಾರ್ದಿತ್ತಾ?"

ಅವನು ತಲೆ ಎತ್ತಲಿಲ್ಲ. "ಹೋದ ವರ್ಷ ಒಂದ್ ಮ್ಯಾಚಿಗೂ ನೀನು ಬಂದಿರ್ಲಿಲ್ಲ. ಈ ವರ್ಷ ಬಂದೆ. ಆ ಕೂಲರ್ ಎತ್ಕೊಂಡು, ಅಷ್ಟ್ ಖುಷಿಯಾಗಿ. ಬೇಡ ಅಂದ್ರೆ ನೀನು ಬರೋದು ನಿಲ್ಲಿಸ್ತೀಯೇನೋ ಅನ್ನಿಸ್ತು. ಟೀಮ್ ಬೇಕಿತ್ತು ನಂಗೆ. ಅದನ್ನ ನೀನು ನೋಡೋದೂ ಬೇಕಿತ್ತು."

ಇಂಥ ಉತ್ತರಕ್ಕೆ ಯಾವ ಮೇಲ್ವಿಚಾರಕರಿಗೆ ಪತ್ರ ಬರೆಯುವುದು?

ಕೊನೆಯ ಶನಿವಾರ ನಾನು ಎರಡು ಡಜನ್ ಕಿತ್ತಳೆ ಹಣ್ಣನ್ನು ಸಮನಾಗಿ ಕತ್ತರಿಸಿ, ಅಷ್ಟನ್ನೇ ತೆಗೆದುಕೊಂಡು ಹೋದೆ. ಅರ್ಧ ಆಟ ಮುಗಿದಾಗ ಯಾರಿಗೂ ಎರಡನೆಯ ಹೋಳು ಬೇಕೇ ಎಂದು ಕೂಡ ಕೇಳಲಿಲ್ಲ. ಡೇಲ್ ಮಾತ್ರ ತಟ್ಟೆಯನ್ನು ಹುಡುಕುವವನಂತೆ ನನ್ನ ಹಿಂದೆ ಇಣುಕಿ ನೋಡಿದ. ಮೂರನೆಯ ಕ್ವಾರ್ಟರಿನಲ್ಲಿ ನಮ್ಮವರು ಮೂರು ಗೋಲು ಹೊಡೆದರು. ಶ್ರೀಧರ ಇಬ್ಬರ ತಲೆಯ ಮೇಲಿಂದ ಒಂದು ಚೆಂಡು ಹಿಡಿದ. ಅನಘ ಕಿರುಚಿದ್ದಕ್ಕೆ ಪಕ್ಕದ ಮೈದಾನದ ನಾಯಿಯೊಂದು ಬೊಗಳಿತು. ನಾನು ಆ ಕುಳ್ಳ ಅಂಪೈರನ್ನೂ ಕ್ಷಮಿಸಿಬಿಟ್ಟೆ. ನಾಲ್ಕನೆಯ ಕ್ವಾರ್ಟರಿನಲ್ಲಿ ಸೆಂಟರ್‌ವಿಲ್‌ನವರು ಎರಡು ಅಂಕಗಳಿಂದ ಗೆದ್ದರು. ಅವರು ನಮಗಿಂತ ಚೆನ್ನಾಗಿ ಆಡಿದರು. ಹನ್ನೊಂದು ಪುಟಗಳಲ್ಲಿ ಈ ಸಾಧ್ಯತೆಯನ್ನು ನಾನು ಎಲ್ಲಿಯೂ ಪರಿಶೀಲಿಸಿರಲಿಲ್ಲ.

ಬ್ರೆಟ್ ಎಲ್ಲರ ಕೈಕುಲುಕಿ, ಥ್ಯಾಂಕ್ಸ್ ಹೇಳಿ, ಕುರ್ಚಿ ಮಡಿಸತೊಡಗಿದರು. ಮುಂದಿನ ವರ್ಷಕ್ಕೆ ಹೆಸರು ಬರೆಯುವ ಹಾಳೆ ಅವರ ಫೈಲಿನಲ್ಲಿತ್ತು. ಅದನ್ನು ಹೊರಗೆ ತೆಗೆಯಲೇ ಇಲ್ಲ. ಯಾರೂ ಹೊರಡಲಿಲ್ಲ. ಕೊನೆಗೆ ಡೇಲ್ ಟೋಪಿ ತೆಗೆದು ನನ್ನ ಬಳಿ ಬಂದ. "ಮ್ಯಾಮ್, ಇಸ್ ದೇರ್ ನೋ ರೈಸ್ ಟುಡೇ?"

ನಾನು ಬಾಯಿ ತೆರೆಯುವ ಮೊದಲೇ ಶ್ರೀಧರ ಕಾರಿನ ಟ್ರಂಕ್ ತೆರೆದ. ಒಳಗೆ ನನ್ನ ಕೂಲರ್, ನನ್ನ ಟವೆಲ್. ನಾನು ಬೆಳಿಗ್ಗೆ ಕಿತ್ತಳೆ ತರಲು ಅಂಗಡಿಗೆ ಹೋಗಿದ್ದಾಗ ಅವನು ಬೇಳೆ ಬೇಯಿಸಿ, ಅನಘಳ ಅಜ್ಜಿಗೆ ಫೋನ್ ಮಾಡಿ ಅಳತೆ ಕೇಳಿಕೊಂಡು, ತಾನೇ ಮಾಡಿದ್ದನಂತೆ. "ಮ್ಯಾಚ್ ಆದ್ಮೇಲೆ ಅಂತ," ಎಂದ ನನ್ನ ಕಡೆ ನೋಡದೆ. ಹನ್ನೆರಡೂ ಮಂದಿ ಹುಲ್ಲಿನ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತರು. ಸೆಂಟರ್‌ವಿಲ್‌ನವರೂ ನಾಲ್ವರು ಸೇರಿಕೊಂಡರು. ಮೂರನೆಯ ತುತ್ತಿಗೆ ಡೇಲ್ ಕೇಳಿದ, ಮುಂದಿನ ವರ್ಷ ಪ್ರಾಕ್ಟೀಸ್ ಯಾವಾಗ ಶುರು ಎಂದು. ಬ್ರೆಟ್ ತಟ್ಟೆಯನ್ನು ಹುಲ್ಲಿನ ಮೇಲೆ ಇಟ್ಟರು. ಆಮೇಲೆ ಫೈಲ್ ಬಿಚ್ಚಿದರು. ಹಾಳೆ ಕೈಯಿಂದ ಕೈಗೆ ಹೋಗಿ ಅಂಚಿನ ತುಂಬ ಅರಿಸಿನದ ಬೆರಳಚ್ಚು ಹತ್ತಿಸಿಕೊಂಡು ಮರಳುವಾಗ ಅದರಲ್ಲಿ ಹನ್ನೆರಡು ಹೆಸರುಗಳಿದ್ದವು. ಶ್ರೀಧರ ತನ್ನದನ್ನು ಕನ್ನಡದಲ್ಲಿ ಬರೆದಿದ್ದ. ಹುಣಿಸೆಹಣ್ಣು ವಿಪರೀತವಾಗಿತ್ತು, ಹಲ್ಲು ಚಳಿಯುವಷ್ಟು. ಅವನು "ಹೇಗಿದೆ?" ಎಂದು ಕೇಳಿದಾಗ "ತುಂಬಾ ಚೆನ್ನಾಗಿದೆ ಕಣೋ" ಎಂದೆ.

ಹನ್ನೊಂದು ಪುಟಗಳನ್ನು ಹಿಂತೆಗೆದುಕೊಂಡು ಸುದ್ದಿಪತ್ರಕ್ಕೆ ಈ ಬರಹವನ್ನು ಕೊಡುತ್ತಿದ್ದೇನೆ. ಅನಘ ಇಂಗ್ಲಿಷಿಗೆ ಇಳಿಸುತ್ತಾಳೆ. ಸತ್ಯವನ್ನು ಆರು ಸೋಲುಗಳುದ್ದಕ್ಕೂ ಮುಚ್ಚಿಟ್ಟವರಲ್ಲಿ, ಅಂದರೆ ಮುಖ್ಯವಾಗಿ ಶ್ರೀಧರನಲ್ಲಿ, ನನ್ನ ಬೇಡಿಕೆ ಒಂದೇ: ಇನ್ನು ಮುಂದೆ ನನ್ನಿಂದ ಯಾರಿಗಾದರೂ ತೊಂದರೆಯಾದರೆ ಅದನ್ನು ಅದೇ ದಿನ, ನನ್ನ ಮುಖಕ್ಕೇ ಹೇಳತಕ್ಕದ್ದು, ನಾನು ಎಷ್ಟೇ ಖುಷಿಯಾಗಿ ಕಂಡರೂ ವಿನಾಯಿತಿ ಇಲ್ಲ. ಹುಣಿಸೆಹಣ್ಣಿನ ಸಂಗತಿಯನ್ನು ಅನಘ ಅನುವಾದಿಸತಕ್ಕದ್ದಲ್ಲ, ಕನ್ನಡದ ಈ ಪ್ರತಿಯನ್ನು ಅವಳ ಅಪ್ಪನಿಗೆ ತೋರಿಸತಕ್ಕದ್ದೂ ಅಲ್ಲ.