ಹೊಳೆ ದಾಟಿಸಿದ ಬೆಕ್ಕುಗಳೂ ನಮ್ಮ ಮಾಮನೂ

ನಮ್ಮ ಮಾಮನನ್ನು, ಅಂದರೆ ಉಮ್ಮನ ತಮ್ಮನನ್ನು, ಒಮ್ಮೆ ನೋಡಿದರೆ ಸಾಕು, ಒಳ್ಳೆಯ ಮನುಷ್ಯ ಎಂದುಬಿಡುತ್ತೀರಿ. ಅಲ್ಲೇ ನೀವು ಮೋಸ ಹೋಗುವುದು! ಬಂಟ್ವಾಳದ ಮೀನು ಮಾರ್ಕೆಟಿನ ಪಕ್ಕ ಗುಜರಿ ಅಂಗಡಿ ಇಟ್ಟು ತಲೆ ನರೆಸಿಕೊಂಡವನು ನಾನು. ತುಕ್ಕು ಹಿಡಿದ ಪಂಪು ತಂದವನ ಮುಖ ನೋಡಿಯೇ ಅದು ಅವನದ್ದೋ ನೆರೆಯವನದ್ದೋ ಎಂದು ಹೇಳಬಲ್ಲೆ. ಅಂಥ ನನಗೂ ಈ ಮನುಷ್ಯನ ಗುಟ್ಟು ಸಿಗಲಿಲ್ಲ. ಲಾಭವಿಲ್ಲದೆ ಯಾರಾದರೂ ಬೀದಿ ಬೆಕ್ಕಿನ ಉಗುರಿಗೆ ಕೈ ಕೊಡುತ್ತಾರೆಯೇ?

ಸಂಶಯ ಶುರುವಾದದ್ದು ಒಂದು ಗೂಡಿನಿಂದ. ಮಾಮ ಬಂದು ನನ್ನ ಅಂಗಡಿಯ ಹಳೆಯ ಕೋಳಿಗೂಡು ಬೇಕೆಂದರು. ನಾನು ಬಾಯಿಗೆ ಬಂದ ರೇಟು ಹೇಳಿದೆ. "ಆಯ್ತು" ಎಂದರು! ಚೌಕಾಸಿಯೇ ಇಲ್ಲ! ನೆಂಟರು ಹೇಳಿದ ರೇಟಿಗೆ ಒಪ್ಪಿಕೊಂಡರೆ ನೀವು ಕೂಡಲೇ ಎಚ್ಚರವಾಗಬೇಕು. ಇದು ನನ್ನ ಬಿಟ್ಟಿ ಸಲಹೆ. ಮರುದಿನ ನೋಡಿದರೆ ಗೂಡಿಗೆ ತಾನಾಗಿ ಬೀಳುವ ಬಾಗಿಲು, ಒಳಗೆ ಬೂತಾಯಿ ಮೀನಿನ ತಲೆ. ಸಂಜೆಯೊಳಗೆ ಮಾರ್ಕೆಟಿನ ಕಂದು ಬೆಕ್ಕು ಒಳಗಿತ್ತು.

ಮಾಮ ಗೂಡು ಹಿಡಿದುಕೊಂಡು ಮೂಡುಬಿದಿರೆಯ ಸರಕಾರಿ ಬಸ್ಸು ಹತ್ತಿದರು. ಬೆಕ್ಕಿಗೆ ಅಲ್ಲಿ ಗಿರಾಕಿ ಇದ್ದಾರೋ ಎಂಬ ಗುಮಾನಿಯಿಂದ ನಾನೂ ಹಿಂದಿನ ಸೀಟಿನಲ್ಲಿ ಕುಳಿತೆ.

"ಕಾಕ, ಗೂಡಿನಲ್ಲಿ ಯಾರು?" ಕಂಡಕ್ಟರ್ ಮಾಮನನ್ನು ಕೇಳಿದ.

"ನಮ್ಮ ಮಾರ್ಕೆಟಿನ ಬಾಣಂತಿ. ಇನ್ನು ಮಕ್ಕಳು ಸಾಕಂತೆ, ಆಪರೇಷನಿಗೆ ಹೋಗುವುದು."

"ಹೆಂಗಸರಿಗೆ ಟಿಕೆಟ್ ಫ್ರೀ. ಆದರೆ ಆಧಾರ್ ಕಾರ್ಡು ತೋರಿಸ್ಬೇಕು ಮಾರಾಯ್ರೇ!"

ಇಡೀ ಬಸ್ಸು ನಕ್ಕಿತು. ಬೆಕ್ಕು ಮಾತ್ರ ಗಂಭೀರವಾಗಿತ್ತು.

ಮೂಡುಬಿದಿರೆಯಲ್ಲಿ ಗಿರಾಕಿಯೂ ಇರಲಿಲ್ಲ, ಗಂಟೂ ಇರಲಿಲ್ಲ. ಇದ್ದದ್ದು ಒಬ್ಬರು ಪ್ರಾಣಿ ಡಾಕ್ಟರು. ಆಪರೇಷನ್ ಆದ ಗುರುತಿಗೆ ಎಡ ಕಿವಿಯ ತುದಿಯನ್ನು ನೇರಕ್ಕೆ ಕತ್ತರಿಸಿ ಕೊಟ್ಟರು. ಗಾಯ ಒಣಗಿದ ಮೇಲೆ ಮಾಮ ಆ ಬೆಕ್ಕನ್ನು ವಾಪಸು ತಂದು, ಹಿಡಿದಲ್ಲಿಯೇ, ಅದೇ ಮೀನಿನ ಕಟ್ಟೆಯ ಅಡಿಯಲ್ಲಿಯೇ ಬಿಟ್ಟರು! ಕೊಂಡುಹೋದ ಮಾಲನ್ನು ವಾಪಸು ತಂದಿಡುವುದು ಯಾವ ಸೀಮೆಯ ವ್ಯಾಪಾರ?

"ನಿಮಗೆ ಇದರಲ್ಲಿ ಏನು ಸಿಗ್ತದೆ, ಮಾಮ?" ನೇರವಾಗಿ ಕೇಳಿಯೇಬಿಟ್ಟೆ.

"ಮೋನೆ, ನೀನು ಅಂಗಡಿ ಖಾಲಿ ಮಾಡಿದರೆ ಓನರ್ ಬೀಗ ಹಾಕಿ ಇಡ್ತಾನಾ?" ಮೋನೆ ಎಂದರೆ ಮಗನೇ; ತಲೆ ನರೆತರೂ ನಾನು ಅವರಿಗೆ ಮೋನೆಯೇ.

"ಅದು ಹೇಗೆ? ನಾಳೆಯೇ ಬೇರೆಯವನು ಬರ್ತಾನೆ."

"ಇದೂ ಹಾಗೆಯೇ. ಮೀನಿನ ತಲೆ ಇರುವಲ್ಲಿ ಜಾಗ ಖಾಲಿ ಆದರೆ ಹೊಸ ಬೆಕ್ಕು ಬಂದು ಮರಿ ಹಾಕ್ತದೆ. ಇದ್ದದ್ದೇ ಇದ್ದರೆ ಮರಿಯೂ ಇಲ್ಲ, ಹೊಸಬರನ್ನು ಒಳಗೆ ಬಿಡುವುದೂ ಇಲ್ಲ."

ಉತ್ತರ ಸರಿಯಾಗಿಯೇ ಇತ್ತು. ಸರಿಯಾದ ಉತ್ತರ ಕೊಡುವವರ ಮೇಲೆ ನನಗೆ ಇನ್ನೂ ಹೆಚ್ಚು ಸಂಶಯ.

ಆದರೆ ಮಾಮ ಒಂದರ ಹಿಂದೆ ಒಂದು ಬೆಕ್ಕನ್ನು ಮೂಡುಬಿದಿರೆಗೆ ಕೊಂಡುಹೋಗಿ ತಂದರೂ ಮರಿಗಳು ಕಡಿಮೆಯಾಗಲಿಲ್ಲ. ಕಿವಿ ಕತ್ತರಿಸಿದ ಬೆಕ್ಕುಗಳು ಒಂದೊಂದಾಗಿ ಕಾಣೆಯಾದವು, ಪೂರ್ತಿ ಕಿವಿಯ ಹೊಸ ಮುಖಗಳು ಬಂದವು. ಮೀನು ಮಾರುವ ಹೆಂಗಸರಲ್ಲಿ ಹಿರಿಯಕ್ಕನಿಗೆ ರೇಗಿತು. "ಕಾಕ, ನೀವು ಒಂದು ಕೊಂಡುಹೋಗಿ ಎರಡು ತರ್ತೀರಾ ಹೇಗೆ? ನನ್ನ ಅಂಜಲ್ ಮೀನಿಗೆ ಬಾಯಿ ಹಾಕಿತು! ಸಾಕು ನಿಮ್ಮ ಧರ್ಮ. ಎಲ್ಲವನ್ನೂ ಹೊಳೆ ದಾಟಿಸುವ!"

ಹೊಳೆ ದಾಟಿಸಿದ ಬೆಕ್ಕು ವಾಪಸು ಬರುವುದಿಲ್ಲ ಎಂಬುದು ನಮ್ಮವರ ಗಟ್ಟಿ ನಂಬಿಕೆ. ಗೋಣಿಯಲ್ಲಿ ಹಾಕುವುದು, ನೇತ್ರಾವತಿ ಸೇತುವೆ ದಾಟುವುದು, ಮೀನು ಮಾರುವ ಕಡೆ ಬಿಡುವುದು. ಪಾಪವೂ ಇಲ್ಲ, ಬೆಕ್ಕೂ ಇಲ್ಲ. ಟೆಂಪೊ ಯಾರದ್ದು? ನನ್ನದೇ! ಬಾಡಿಗೆಗೆ ಬದಲು ಒಂದು ತಿಂಗಳು ಮೀನು ಎಂದು ಒಪ್ಪಂದ ಕುದುರಿಸಿದೆ.

ಗೋಣಿಗಳನ್ನು ಹೇರುವಾಗ ಮಾಮ ಬಂದರು. "ಬೇಡ ಮೋನೆ. ಇವುಗಳಿಗೆ ಅಲ್ಲಿ ಜಾಗ ಇಲ್ಲ. ಅಲ್ಲಿಯವು ಕಚ್ಚಿ ಓಡಿಸ್ತವೆ." ನಾನು ಟೆಂಪೊ ಚಾಲೂ ಮಾಡಿದೆ. ಅವರು ಬಾಗಿಲು ತೆಗೆದು ಸುಮ್ಮನೆ ಪಕ್ಕದಲ್ಲಿ ಕುಳಿತರು. ಆಗಲೂ ನಾನು, ಇವರು ದಾರಿಯಲ್ಲಿ ಏನೋ ಮಸಲತ್ತು ಮಾಡುತ್ತಾರೆಂದೇ ನೋಡುತ್ತಿದ್ದೆ.

ಸೇತುವೆ ದಾಟಿದ ಕೂಡಲೇ ಎದುರಿಗೆ ಒಂದು ರಿಕ್ಷಾ ನಿಂತಿತ್ತು. ಡ್ರೈವರ್ ಬೀಡಿ ಸೇದುತ್ತಿದ್ದ. ಹಿಂದಿನ ಸೀಟಿನ ಗೋಣಿ "ಮ್ಯಾಂವ್" ಎಂದಿತು. ನಮ್ಮ ಗೋಣಿಗಳು ಉತ್ತರ ಕೊಟ್ಟವು!

"ಎಲ್ಲಿಗೆ ಮಾರಾಯಾ?" ಎಂದೆ.

"ಬಂಟ್ವಾಳ ಮಾರ್ಕೆಟಿಗೆ. ಇಲ್ಲಿ ಉಪದ್ರ ಜಾಸ್ತಿಯಾಗಿದೆ. ಹೊಳೆ ದಾಟಿಸಿದರೆ ವಾಪಸು ಬರುವುದಿಲ್ಲವಲ್ಲ. ನೀವು?"

ನಾನು ಹಿಂದಿನ ಗೋಣಿಗಳತ್ತ ಬೆರಳು ತೋರಿಸಿದೆ. ಮಾಮ ಇಳಿದು ಅವನ ಗೋಣಿಯ ಬಾಯಿ ಸ್ವಲ್ಪ ಬಿಚ್ಚಿದರು. ಮೊದಲು ಹೊರಗೆ ಬಂದದ್ದು ಎಡ ಕಿವಿಯ ತುದಿ ಇಲ್ಲದ ಒಂದು ಕಂದು ತಲೆ. ನಮ್ಮ ಬಸ್ಸಿನ ಬಾಣಂತಿ! ನಮ್ಮ ಕಡೆಯವರೇ ಯಾರೋ ಗುಟ್ಟಾಗಿ ದಾಟಿಸಿದ್ದು. ಹೊಳೆಯ ಎರಡು ಕಡೆಯ ಬುದ್ಧಿವಂತರೂ ಇಷ್ಟು ಕಾಲ ಒಬ್ಬರ ಬೆಕ್ಕು ಒಬ್ಬರಿಗೆ ಸಾಗಿಸುತ್ತಿದ್ದೆವು. ಈ ಸೇತುವೆಯ ಮೇಲೆ ಇಷ್ಟು ನಷ್ಟದ ಸಾಗಾಟ ಬೇರೊಂದು ನಡೆದಿರಲಿಕ್ಕಿಲ್ಲ.

ರಿಕ್ಷಾದವನು ತಲೆ ಕೆರೆದುಕೊಂಡು ಉಳಿದವುಗಳೊಂದಿಗೆ ಹಿಂದೆ ಹೋದ. ಬಾಣಂತಿ ಮಾಮನ ಮಡಿಲಲ್ಲಿ ಕುಳಿತಿತು, ಮೈ ತುಂಬ ಕಚ್ಚಿದ ಗಾಯ. ನಾನು ಟೆಂಪೊ ತಿರುಗಿಸಿದೆ.

"ನನ್ನನ್ನೂ ಹೀಗೆಯೇ ದಾಟಿಸಿದ್ದು," ಮಾಮ ಹೊಳೆ ನೋಡುತ್ತಾ ನಕ್ಕರು. "ಬಾಪ ತೀರಿಹೋದ ವರ್ಷ. ಮನೆಯಲ್ಲಿ ಊಟಕ್ಕೆ ಬಾಯಿ ಜಾಸ್ತಿ ಆಯ್ತಲ್ಲ, ಹೊಳೆಯಾಚೆ ಕನ್ಯಾನದಲ್ಲಿ ನೆಂಟರ ಮನೆಗೆ ಬಿಟ್ಟರು. ಮೊದಲ ಸಲ ನಡೆದುಕೊಂಡೇ ವಾಪಸು ಬಂದೆ. ನಿನ್ನ ಉಮ್ಮ ಬಾಗಿಲು ತೆಗೆದಳು. ಅವಳ ಬಟ್ಟಲಲ್ಲಿ ಇದ್ದದ್ದೇ ಸ್ವಲ್ಪ ಗಂಜಿ, ಅದನ್ನು ನನಗೆ ಕೊಟ್ಟಳು. ಮತ್ತೆ ಕೊಂಡುಹೋಗಿ ಬಿಟ್ಟರು. ಆಮೇಲೆ ದಾರಿ ಗೊತ್ತಿತ್ತು ಮೋನೆ. ಬರಲಿಲ್ಲ."

ಸೇತುವೆ ಮುಗಿಯಿತು. ನಾನು ಗೇರು ಬದಲಿಸಿ ಟೆಂಪೊವನ್ನು ನೇರ ಮಾರ್ಕೆಟಿಗೆ ಬಿಟ್ಟೆ.

ಮಾರ್ಕೆಟಿನಲ್ಲಿ ಮಾಮ ಒಂದೊಂದು ಗೋಣಿ ಬಿಚ್ಚಿ ಒಂದೊಂದನ್ನೂ ಅದರದರ ಕಟ್ಟೆಯ ಅಡಿಗೆ ಬಿಟ್ಟರು. ಬಾಣಂತಿಯ ಗಾಯ ನೋಡಿದ ಹಿರಿಯಕ್ಕ ಬೈಯುತ್ತಲೇ ಒಂದು ಬೂತಾಯಿ ಎಸೆದಳು. ಕೊನೆಗೆ ಉಳಿದದ್ದು ಒಂದು ಬಡಕಲು ಮರಿ, ಯಾರೋ ಮೊನ್ನೆ ತಂದು ಬಿಟ್ಟದ್ದು. ಮಾಮ ಅದನ್ನು ಕೈಯಲ್ಲಿ ಹಿಡಿದುಕೊಂಡು ಸುತ್ತಲೂ ನೋಡಿದರು. ಯಾವ ಕಟ್ಟೆಯವರೂ ತಮ್ಮದೆನ್ನಲಿಲ್ಲ.

"ಅದು ನಮ್ಮ ಅಂಗಡಿಯದ್ದು," ಎಂದೆ.

ಮಾಮ ಮರಿಯನ್ನು ಕೊಡಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಸಂಶಯದಿಂದ ನೋಡಿದರು.

"ನಿನಗೆ ಇದರಲ್ಲಿ ಏನು ಸಿಗ್ತದೆ, ಮೋನೆ?"