ಡಬ್ಬ ತೂತು ಮಾಡುವ ಮಾವ

ನನ್ನ ಸೋದರಮಾವ ಮನೆಗೆ ಬರುತ್ತಾನೆಂದರೆ ನಮ್ಮೂರಿನವರು ಮೊದಲು ಡಬ್ಬಗಳನ್ನು ಬಚ್ಚಿಡುತ್ತಿದ್ದರು. ನೆಂಟರು ಬಂದರೆಂದು ತುಪ್ಪ ಬಚ್ಚಿಡುವವರನ್ನು ನೀವು ಕಂಡಿರಬಹುದು. ಬಣ್ಣದ ಖಾಲಿ ಡಬ್ಬ ಬಚ್ಚಿಡುವ ಊರು ಬಾಗಲೂರು ಸೀಮೆಯಲ್ಲಿ ನಮ್ಮದೊಂದೇ ಇದ್ದೀತು. ಬೇರೆಯವರು ಅಂಗಿಯ ಜೇಬಿನಲ್ಲಿ ಪೆನ್ನು ಇಟ್ಟುಕೊಂಡರೆ ನಮ್ಮ ಮಾವ ದಪ್ಪನೆಯ ಮೊಳೆ ಇಟ್ಟುಕೊಳ್ಳುತ್ತಿದ್ದ. ಸೈಕಲ್ಲಿನ ಹಿಂದೆ ಚೀಲದಲ್ಲಿ ಸುತ್ತಿಗೆ. ಡಬ್ಬ ಕಣ್ಣಿಗೆ ಬಿದ್ದರೆ ಮುಗಿಯಿತು, ಬೋರಲು ಹಾಕಿ, ಮೊಳೆಯಿಟ್ಟು, ಟಣ್ ಟಣ್ ಎಂದು ತಳ ತೂತು ಮಾಡಿ, ತಾಂಬೂಲ ಕೊಡುವಷ್ಟು ಮರ್ಯಾದೆಯಿಂದ ಒಡೆಯರ ಕೈಗೆ ವಾಪಸು ಕೊಡುತ್ತಿದ್ದ.

ಹುಚ್ಚ ಅಂದಿರಾ? ಊರೂ ಹಾಗೇ ಅಂದಿತು. ಆದರೆ ಆ ಡಬ್ಬಗಳನ್ನು ಮನೆಮನೆಗೆ ತಂದುಕೊಟ್ಟ ಪುಣ್ಯಾತ್ಮನೂ ಅವನೇ ಆಗಿದ್ದ, ಅದೇ ವಿಚಿತ್ರ.

ಹೊಸೂರಿನಲ್ಲಿ ಒಂದೊಂದಾಗಿ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ಮಾವನಿಗೆ ಒಂದು ಬಣ್ಣದ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಬಣ್ಣವೆಂದರೆ ಬಣ್ಣ ಎಂದಷ್ಟೇ ತಿಳಿದಿದ್ದೆವು. ಅದು ಡಬ್ಬದಲ್ಲಿ ಕೆನೆಗಟ್ಟದಂತೆ ಒಂದು ಔಷಧಿ, ತಳದಲ್ಲಿ ಗಸಿ ಕೂರದಂತೆ ಇನ್ನೊಂದು, ಬಳಿದ ಮೇಲೆ ಬೇಗ ಒಣಗಲೆಂದು ಮತ್ತೊಂದು ಹಾಕುತ್ತಾರೆಂಬುದು ನಮಗೆ ಊಟದ ಹೊತ್ತಿನಲ್ಲಿ ಮಾವನಿಂದ ತಿಳಿಯಿತು.

"ಸಾರಿಗೆ ಇಂಗು ಇದ್ದಂಗೆ ಕಣಕ್ಕ ನಂ ಡ್ರೈಯರ್ರು," ಎನ್ನುತ್ತಿದ್ದ ಅಮ್ಮನಿಗೆ. "ಒಂಚೂರೇ ಹಾಕೋದು. ಅದಿಲ್ದಿದ್ರೆ ದೀಪಾವಳಿಗೆ ಬಳಿದ್ ಬಾಗ್ಲು ಯುಗಾದಿಗೂ ಕೈಗಂಟ್ತದೆ."

"ಅಂಗಾದ್ರೆ ನಿನ್ ತಲೆಗೂ ಒಂಚೂರು ಹಾಕ್ಕೊಳ್ಲಾ," ಎನ್ನುತ್ತಿದ್ದಳು ಅಮ್ಮ. "ದಿನಾ ನೀರು ಹುಯ್ಕೊಂಡು ಒದ್ದೆ ತಲೇಲೇ ಸೈಕಲ್ ಹತ್ತೀಯ."

ಆ ಡ್ರೈಯರ್ ಬರುತ್ತಿದ್ದ ಡಬ್ಬಗಳ ಚೆಂದವನ್ನು ಏನೆಂದು ಹೇಳಲಿ? ದಪ್ಪ ತಗಡು, ಗಟ್ಟಿ ಹಿಡಿ, ಇರುವೆ ನುಸುಳದಂಥ ಮುಚ್ಚಳ. ಖಾಲಿಯಾದ ಮೇಲೆ ಫ್ಯಾಕ್ಟರಿಗೆ ಅವು ಬೇಡ. ಮಾವ ಸಂಜೆ ಸೈಕಲ್ಲಿನ ಹ್ಯಾಂಡಲ್ಲಿನ ಎರಡೂ ಕಡೆ ಡಬ್ಬ ನೇತುಹಾಕಿಕೊಂಡು ಢಣಢಣ ಸದ್ದು ಮಾಡುತ್ತ ಊರು ಹೊಕ್ಕರೆ ಹೆಂಗಸರು ಬಾಗಿಲಿಗೆ ಬರುತ್ತಿದ್ದರು. ಒಬ್ಬರಿಗೆ ಅವರೆ ಬೀಜಕ್ಕೆ, ಒಬ್ಬರಿಗೆ ಬಚ್ಚಲಿಗೆ, ಇನ್ನೊಬ್ಬರಿಗೆ ರಾಗಿ ಹಿಟ್ಟಿಗೆ. ಒಡಹುಟ್ಟಿದ ಅಕ್ಕನೆಂದು ಅಮ್ಮನಿಗೆ ಎಲ್ಲಕ್ಕಿಂತ ದೊಡ್ಡದನ್ನೇ ತಂದುಕೊಟ್ಟ. ಅಮ್ಮ ಅದನ್ನು ಬೂದಿ ಹಾಕಿ ತಿಕ್ಕಿ ತಿಕ್ಕಿ ಫಳಫಳ ಮಾಡಿ, ಕೆಂಪಿಗೆ ಕಲಗಚ್ಚು ಇಡಲು ಇಟ್ಟುಕೊಂಡಳು.

ಕೆಂಪಿ ನಮ್ಮ ಕಡಸು, ಚೊಚ್ಚಲ ಗಬ್ಬ. ತಾಯಿ ಸತ್ತ ಕರುವನ್ನು ಅಮ್ಮ ಬೆರಳು ಚೀಪಿಸಿ ಗಂಜಿ ಕುಡಿಸಿ ಸಾಕಿದ್ದಳು. ಅದು ಈ ಡಬ್ಬಕ್ಕೆ ಬಾಯಿಟ್ಟರೆ ಕಲಗಚ್ಚು ಮುಗಿದ ಮೇಲೂ ಬಿಡುತ್ತಿರಲಿಲ್ಲ. ಅಂಚು, ಮೂಲೆ, ತಳ ಎಲ್ಲವನ್ನೂ ನೆಕ್ಕುತ್ತಿತ್ತು. ಆ ಡ್ರೈಯರ್ ತುಸು ಸಿಹಿಯಂತೆ. ಅದು ನಮಗೆ ಆಮೇಲೆ ಗೊತ್ತಾಯಿತು.

"ನೋಡಕ್ಕ, ನಂ ಡಬ್ಬ ಬಂದ್ಮೇಲೆ ಎಂಗ್ ತಿಂತದೆ," ಎಂದು ಮಾವ ಹಿಗ್ಗಿದ್ದ.

ಒಂದು ದಿನ ಕೆಂಪಿ ಹಲ್ಲು ಕಡಿಯತೊಡಗಿತು. ಕಣ್ಣು ತೆರೆದೇ ಇದ್ದರೂ ಗೋಡೆ ಕಾಣದೆ ಹೋಗಿ ಹಣೆ ಒತ್ತಿಕೊಂಡು ನಿಂತಿತು. ಡೆಂಕಣಿಕೋಟೆಯಿಂದ ದನದ ಡಾಕ್ಟರನ್ನು ಮಾವನೇ ಕರೆತಂದ. ಅವರು ಹಸುವನ್ನು ನೋಡಿ, ಡಬ್ಬವನ್ನು ನೋಡಿ, ಅದರಲ್ಲಿ ಮೊದಲು ಏನಿತ್ತೆಂದು ಕೇಳಿದರು. ಮಾವ ಹೇಳಿದ. "ಅದುಲ ಸೀಸ ಇರ್ತದಪ್ಪ, ವಿಷಂ. ಬೂದೀಲಿ ತಿಕ್ಕಿದ್ರೆ ಹೋಗಾದಲ್ಲ ಅದು," ಎಂದರು, ತಮಗೆ ಬರುವ ಅರ್ಧ ತಮಿಳು ಅರ್ಧ ಕನ್ನಡದಲ್ಲಿ. ಬೆಳಗಾಗುವಷ್ಟರಲ್ಲಿ ಕೆಂಪಿ ಇರಲಿಲ್ಲ, ಹೊಟ್ಟೆಯಲ್ಲಿದ್ದ ಕರುವೂ ಇರಲಿಲ್ಲ.

ಅಮ್ಮ ಮಾವನಿಗೆ ಒಂದು ಮಾತೂ ಅನ್ನಲಿಲ್ಲ. ಅತ್ತಳು, ಕೊಟ್ಟಿಗೆ ಗುಡಿಸಿದಳು, ಅವನಿಗೆ ಕಾಫಿ ಕೊಟ್ಟಳು. ಮಾವ ಲೋಟ ನೋಡಿ, "ಹಾಲು ಬ್ಯಾಡಕ್ಕ, ನಂಗ್ಯಾಕೋ ಒಗ್ಗಲ್ಲ," ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಅವನದು ಕರೀ ಕಾಫಿಯೇ.

ಮಾವ ಸುಮ್ಮನೆ ಕೂರಲಿಲ್ಲ. ಡಬ್ಬದ ಮೇಲೆ 'ಇದರಲ್ಲಿ ಮೇವು, ಊಟ ಇಡಬೇಡಿ' ಎಂದು ಕನ್ನಡ, ತೆಲುಗು, ತಮಿಳಿನಲ್ಲಿ ಅಚ್ಚು ಹಾಕಿಸಿ ಎಂದು ಮ್ಯಾನೇಜರನ್ನು ಕೇಳಿದ. "ತೂಕ ಹಾಕ್ಬೇಕು, ತಯಾರಾದ ತಿಂಗಳು ಹಾಕ್ಬೇಕು ಅಂತ ರೂಲ್ಸಿದೆಯಪ್ಪ. ಹಸು ವಿಷಯ ಎಲ್ಲೂ ಇಲ್ಲ," ಎಂದರು ಅವರು. ಫ್ಯಾಕ್ಟರಿಗೆ ಸರ್ಕಾರದ ಇನ್‌ಸ್ಪೆಕ್ಟರು ಬಂದಾಗ ಅವರ ಜೀಪಿಗೆ ಅಡ್ಡ ನಿಂತು ಕೇಳಿದ. ಸತ್ತಿದ್ದು ಹಸುವಾದ್ದರಿಂದ ಅದು ಪಶು ಇಲಾಖೆಗೆ ಸೇರಿದ್ದೆಂದು ಅವರು ಹೇಳಿದರು. ಡೆಂಕಣಿಕೋಟೆಗೆ ಹೋದರೆ ಆ ಡಾಕ್ಟರು, ಕೊಂದಿದ್ದು ಡಬ್ಬವಾದ್ದರಿಂದ ಅದು ಫ್ಯಾಕ್ಟರಿ ಇಲಾಖೆಗೆ ಸೇರಿದ್ದೆಂದರು. ಮಾವ ಈ ಎರಡು ಇಲಾಖೆಗಳ ನಡುವೆ ಸೈಕಲ್ ತುಳಿದು ತುಳಿದು ಟೈರು ಸವೆಸಿಕೊಂಡ.

ಬಾಯಿಮಾತಿನಲ್ಲಿ ಹೇಳಿದರೆ ಅಂಥ ಚೆಂದದ ಡಬ್ಬದಲ್ಲಿ ವಿಷವೆಂದು ಯಾರೂ ನಂಬಲಿಲ್ಲ. ಸರ್ಕಾರ ಬರೆಯದಿದ್ದರೆ ತಾನೇ ಬರೆಯುತ್ತೇನೆಂದು ಬ್ರಷ್ ಹಿಡಿದ. ಊರಿನಲ್ಲಿ ಓದು ಬಾರದವರೇ ಹೆಚ್ಚು, ಹಾಗಾಗಿ ಚಿತ್ರವೇ ವಾಸಿ. ಕಣ್ಣಿಗೆ ಬಿದ್ದ ಪ್ರತಿ ಡಬ್ಬದ ಮೇಲೂ ಒಂದು ಹಸು ಬರೆದು, ಅದರ ಮೇಲೆ ಕೆಂಪು ಬಣ್ಣದಲ್ಲಿ ಕತ್ತರಿಯ ಹಾಗೆ ಎರಡು ಗೀಟು ಎಳೆದ. ಹಸು, ಕೊಂಬು ಬಂದ ನಾಯಿಯ ಹಾಗಿತ್ತೆಂಬುದು ಬೇರೆ ಮಾತು. ಊರೆಲ್ಲ ಬರೆದು ಮುಗಿಸಿದೆನೆಂದು ಮಾವ ನೆಮ್ಮದಿಯಿಂದ ಮಲಗಿದ.

ವಾರ ಕಳೆದಿರಬೇಕು. ಪಕ್ಕದ ಬೀದಿಯ ತಿಮ್ಮಕ್ಕ ಖಾಲಿ ಡಬ್ಬ ಹಿಡಿದು ಜಗಳಕ್ಕೇ ಬಂದಳು. "ಎಲ್ರ ಡಬ್ಬಕ್ಕೂ ಹಸ ಬರ್ದೆ, ನಂದಕ್ಕೆ ಯಾಕ್ ಬರೀಲಿಲ್ಲ? ನಂ ಎಮ್ಮೆ ಏನ್ ಪಾಪ ಮಾಡಿತ್ತು?"

"ಹಸ ಯಾತಕ್ಕ್ ಬರ್ದಿದೀನಿ ಅಂತ ಗೊತ್ತಾ ನಿಂಗೆ?" ಎಂದ ಮಾವ.

"ಗೊತ್ತಿಲ್ದೆ ಏನು? ಕೆಂಪು ಗುರ್ತು ಆಸ್ಪತ್ರೇದು. ಹಸೀನ ಚಿತ್ರ ಹಸೀಗೆ. ಇದ್ರಾಗೆ ಇಕ್ಕಿದ್ರೆ ದನ ಚೆಂದಾಗಿರ್ತವಂತೆ, ಊರೆಲ್ಲ ಇದ್ರಾಗೇ ಇಕ್ತಾವ್ರೆ."

ಮಾವ ತಟ್ಟನೆ ಎದ್ದ. ಹಿತ್ತಿಲಿಗೆ ಹೋಗಿ ಮೊಳೆ ಹುಡುಕಿ ತಂದ. ತಿಮ್ಮಕ್ಕನ ಕೈಯಿಂದ ಡಬ್ಬ ಕಿತ್ತುಕೊಂಡು ತಳಕ್ಕೆ ಮೊಳೆಯಿಟ್ಟು ಬಡಿದ. ಚಿತ್ರಕ್ಕೆ ನೂರು ಅರ್ಥ ಹೇಳಬಹುದು, ತೂತಿಗೆ ಒಂದೇ ಅರ್ಥ ಎಂದು ಅವನಿಗೆ ಅವತ್ತು ಹೊಳೆದಿತ್ತು. ತಿಮ್ಮಕ್ಕ ಬೈದ ಬೈಗುಳ ದೂರದ ತಳಿ ಊರಿನವರೆಗೂ ಕೇಳಿಸಿತೆನ್ನುತ್ತಾರೆ. ಅವಳ ಎಮ್ಮೆ ಮಾತ್ರ ಬದುಕಿಕೊಂಡಿತು.

ಇನ್ನು ನನ್ನ ಕಥೆ ಕೇಳಿ. ನನ್ನನ್ನು ನೋಡಲು ಡೆಂಕಣಿಕೋಟೆ ಕಡೆಯಿಂದ ಗಂಡಿನವರು ಬಂದರು. ಒಳ್ಳೆಯ ಜನ, ಬರಿಗೈಯಲ್ಲಿ ಬರಬಾರದೆಂದು ಕಾಡಿನ ಜೇನು ತಂದಿದ್ದರು. ಯಾತರಲ್ಲಿ ತಂದಿದ್ದರೆಂದು ಬೇರೆ ಹೇಳಬೇಕೆ? ನಾನು ಸೀರೆಯ ನೆರಿಗೆ ಹಿಡಿದು ಹೊರಗೆ ಬರುವುದಕ್ಕೂ ಜಗುಲಿಯಿಂದ ಟಣ್ ಟಣ್ ಕೇಳುವುದಕ್ಕೂ ಸರಿಹೋಯಿತು. ಜೇನು ಜಗುಲಿಯಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಗಂಡಿನ ತಂದೆಯ ಚಪ್ಪಲಿಗೆ ನಿಧಾನವಾಗಿ ಹರಿಯಿತು.

"ಹುಡ್ಗಿ ಸೋದರಮಾವ ಇವ್ರೇನಾ?" ಎಂದಷ್ಟೇ ಕೇಳಿ ಅವರು ಎದ್ದರು. ಆ ಸಂಬಂಧ ಜೇನಿನ ಜೊತೆಗೇ ಹರಿದುಹೋಯಿತು. ಅಪ್ಪ ಹಾರಾಡಿದ. ಅಮ್ಮ ಮೆಟ್ಟಿಲು ತೊಳೆಯುತ್ತ, "ಬುಡಿ, ಅವ್ನ್ ಸಂಕ್ಟ ಅವ್ನಿಗೆ," ಎಂದಳು. ಆಗಲೂ ಅದನ್ನು ಮಾವನಿಗೆ ಕೇಳುವ ಹಾಗೆ ಹೇಳಲಿಲ್ಲ.

ತೂತು ಬಿದ್ದ ಡಬ್ಬಗಳನ್ನು ಜನ ಎಸೆದರೇ? ಇಲ್ಲ, ಮಣ್ಣು ತುಂಬಿ ಸೇವಂತಿಗೆ ನೆಟ್ಟರು. ನೀರು ಬಸಿಯಲು ತೂತು ಅನುಕೂಲವೇ ಆಯಿತು. ಊರ ಜಗುಲಿಗಳಲ್ಲಿ ಹೂವು ಬಿಟ್ಟದ್ದು ಮಾವನ ಹುಚ್ಚಿನಿಂದ ಎಂದು ಯಾರೂ ಹೇಳಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಮಾವನ ಕೈಯಿಂದ ಸುತ್ತಿಗೆ ಜಾರತೊಡಗಿತು. ಮೊದಮೊದಲು ನಕ್ಕೆವು. ಆಮೇಲೆ ಮಣಿಕಟ್ಟು ಜೋತುಬಿತ್ತು, ತುತ್ತು ಎತ್ತಲಾಗಲಿಲ್ಲ. ಹೊಸೂರಿನ ಡಾಕ್ಟರು ಪರೀಕ್ಷೆ ಮಾಡಿ, ದನದ ಡಾಕ್ಟರು ಅಂದು ಹೇಳಿದ ಮಾತನ್ನೇ ಹೇಳಿದರು. ಸೀಸ. ಊರಿನ ದನಗಳನ್ನೆಲ್ಲ ಕಾಯುತ್ತಿದ್ದವನು, ದಿನವೂ ಅದೇ ಡ್ರೈಯರ್ ಅಳೆದುಕೊಡುತ್ತಿದ್ದ ತನ್ನ ಬರಿಗೈಯನ್ನು ಒಮ್ಮೆಯೂ ನೋಡಿಕೊಂಡಿರಲಿಲ್ಲ.

ಅಮ್ಮ ಹಾಲು ಕಾಯಿಸಿಕೊಂಡು ಹೊರಟಳು. ನಾನೂ ಜೊತೆಗಿದ್ದೆ. ದಾರಿಯಲ್ಲಿ, "ಅವತ್ತೇ ಎರ್ಡು ಬೈದ್ಬುಟ್ಟಿದ್ರೆ ಅವ್ನ್ ಎದೆ ಹಗುರಾಗ್ತಿತ್ತು. ಬೈಲಿಲ್ಲ ನಾನು," ಎಂದಳು. ಮಾವ ಮಂಚದ ಮೇಲಿದ್ದ. ಹಾಲು ನೋಡಿದವನೇ ಕೇಳಿದ:

"ಯಾತ್ರಲ್ಲಿ ತಂದ್ಯಕ್ಕ?"

"ಹಿತ್ತಾಳೆ ಚೊಂಬಲ್ಲಿ ಕಣ್ಲಾ."

"ನಂಗ್ ಒಗ್ಗಲ್ಲ."

"ಒಗ್ತದೆ, ಕುಡಿ. ಕೆಂಪೀನ ನೀನ್ ಸಾಯಿಸ್ಲಿಲ್ಲ. ಅಕ್ಕಂಗೆ ದೊಡ್ಡದೇ ಸಿಗ್ಲಿ ಅಂತ ತಂದ್ಕೊಟ್ಟೆ, ಅಷ್ಟೇಯ. ಇಷ್ಟ್ ಹೇಳಾಕೆ ಇಷ್ಟ್ ವರ್ಸ ಬೇಕಾಯ್ತು ನಂಗೆ."

ಮಾವನಿಗೆ ಚೊಂಬು ಹಿಡಿಯಲಾಗಲಿಲ್ಲ. ಅಮ್ಮನೇ ಹಿಡಿದು ಕುಡಿಸಿದಳು. ಅವನು ಕಣ್ಣು ಮುಚ್ಚಿಕೊಂಡು ಅಷ್ಟನ್ನೂ ಕುಡಿದ. ಎಷ್ಟೋ ವರ್ಷಗಳ ಮೇಲೆ ಅವನು ನಮ್ಮ ಮನೆಯ ಹಾಲು ಕುಡಿದದ್ದು ಅಂದು. ಮತ್ತೆ ಕುಡಿಯಲು ಅವನಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ತಿಥಿ ಮುಗಿದ ಮೇಲೆ ಅಮ್ಮ ಮಾವನ ಹೆಂಡತಿಯ ಹತ್ತಿರ ಕೇಳಿ ಎರಡೇ ವಸ್ತು ತಂದಳು, ಮೊಳೆ ಮತ್ತು ಸುತ್ತಿಗೆ. ಈಗ ಅಮ್ಮ ಬರುತ್ತಾಳೆಂದರೆ ನಮ್ಮೂರಿನವರು ಡಬ್ಬಗಳನ್ನು ಬಚ್ಚಿಡುತ್ತಾರೆ.