ಒಳಗೊಳಗೇ ಬೆಂದ ಬಟ್ಟಲು

ಈ ಸಲ ಹ್ಯುವಾನ್ ಕಣಿವೆಯ ವಾರ್ಷಿಕ ಶೋನಲ್ಲಿ ಮರದ ಬಟ್ಟಲಿಗೆ ಕೊಡುವ ಮೊದಲ ಬಹುಮಾನದ ನೀಲಿ ರಿಬ್ಬನ್ ನನ್ನದೇ, ಬೇರೆ ಯಾರಪ್ಪನಿಗೂ ಸಿಗದು ಎಂದು ಭಾನುವಾರದ ಊಟದ ಮೇಜಿನ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದೆ.

“ಹೋದ ವರ್ಷಾನೂ ಹೀಗೇ ಅಂದಿದ್ದೆ,” ಎಂದಳು ನನ್ನ ಹೆಂಡತಿ ಗ್ವೆನ್, ಕುರಿಮಾಂಸ ಕತ್ತರಿಸುತ್ತಾ. “ಶೋ ಹಿಂದಿನ ದಿನ ಬಟ್ಟಲು ಬಾಯಿಬಿಡ್ತು.”

“ಅದು ಮರದ ತಪ್ಪು.”

“ಮರ್ವಿನ್ ಕಡೆಯೋದೂ ಅದೇ ಮರಾನೇ.”

ನೋಡಿದಿರಾ? ಮರ್ವಿನ್ ಹೆಸರು ಬರದೆ ನಮ್ಮ ಮನೆಯಲ್ಲಿ ಊಟ ಮುಗಿಯುವುದಿಲ್ಲ. ಬೇಲಿಯಾಚೆಯ ಈ ಮನುಷ್ಯ ಬಸ್ಸು ಓಡಿಸಿ ನಿವೃತ್ತನಾದವನು. ಮರ ಕಡೆಯುವ ಲೇತಿನ ಮುಂದೆ ಉಳಿ ಹಿಡಿಯುವುದನ್ನು ಅವನಿಗೆ ಹೇಳಿಕೊಟ್ಟವನು ನಾನು! ಈಗ ಎರಡು ವರ್ಷದಿಂದ ರಿಬ್ಬನ್ ಅವನ ಗೋಡೆ ಸೇರುತ್ತಿದೆ. ಅವನು ಕೊಟ್ಟ ಬಟ್ಟಲು ನಮ್ಮ ಮೇಜಿನ ನಡುವೆ ನಿಂಬೆಹಣ್ಣು ತುಂಬಿಕೊಂಡು ಮೆರೆಯುತ್ತಿದೆ. ಗ್ವೆನ್ ಹೋಗುವಾಗ ಬರುವಾಗ ಅದರ ಅಂಚು ಸವರುತ್ತಾಳೆ. ನಾನು ಕಡೆದ ಬಟ್ಟಲುಗಳಲ್ಲಿ ಒಂದು ಬಟ್ಟೆ ಕ್ಲಿಪ್ಪುಗಳಿಗೆ ಮೀಸಲು, ಇನ್ನೊಂದು ನಾಯಿಗೆ. ಹೊಟ್ಟೆ ಉರಿಯಬಾರದು ಎಂದರೆ ಹೇಗೆ ಸ್ವಾಮಿ?

ಮರ್ವಿನ್ ಗುಟ್ಟು ಮಾಡುವವನೂ ಅಲ್ಲ. ಮರ ಕಡೆಯುವವರ ಕ್ಲಬ್ಬಿನಲ್ಲಿ ಚಹಾ ಕುಡಿಯುತ್ತಾ ಎಲ್ಲರೆದುರೇ ಹೇಳಿದ್ದ: “ಹಸಿ ಮರ ಮೇಲೆ ಬೇಗ ಒಣಗುತ್ತೆ, ಒಳಗೆ ನೀರು ಹಾಗೇ ಇರುತ್ತೆ. ಒಳಗೂ ಹೊರಗೂ ಎಳೆದಾಟ, ಅದಕ್ಕೇ ಬಿರುಕು. ಮೈಕ್ರೋವೇವ್‌ನಲ್ಲಿ ಹಿತವಾಗಿ ಬಿಸಿ ಮಾಡಿದ್ರೆ ಮರ ಮೆತ್ತಗಾಗಿ ಬಿಗಿ ಸಡಿಲ ಆಗುತ್ತೆ.”

ಆಗ ಎದ್ದು ನಿಂತು ಭಾಷಣ ಬಿಗಿದ ಮಹಾನುಭಾವ ನಾನೇ. “ಮರಕ್ಕೆ ಬೇಕಾದ್ದು ಗಾಳಿ, ತಾಳ್ಮೆ. ಬೇಯಿಸೋಕೆ ಅದೇನು ಆಲೂಗಡ್ಡೆನಾ?” ಎಲ್ಲರೂ ಚಪ್ಪಾಳೆ ತಟ್ಟಿದರು, ಮರ್ವಿನ್ ಕೂಡ.

ಹೀಗಾಗಿ ಈಗ ಕಳ್ಳತನದಲ್ಲೇ ಮಾಡಬೇಕಾಯಿತು. ಶೋಗೆ ಉಳಿದದ್ದು ಎರಡೇ ವಾರ. ಗ್ವೆನ್ ಮಹಿಳಾ ಸಂಘಕ್ಕೆ ಹೋದದ್ದೇ ತಡ, ಹಸಿ ಬ್ಲ್ಯಾಕ್‌ವುಡ್ ಮರದಲ್ಲಿ ಕಡೆದ ಬಟ್ಟಲನ್ನು ಕೋಟಿನೊಳಗೆ ಅಡಗಿಸಿಕೊಂಡು ಶೆಡ್ಡಿನಿಂದ ಅಡುಗೆಮನೆಗೆ ನುಸುಳಿದೆ. ಸ್ವಲ್ಪ ಬಿಸಿ ಮಾಡು, ತಣಿಸು, ನೀರೆಷ್ಟು ಹೋಯಿತೆಂದು ತೂಗು, ಮತ್ತೆ ಸ್ವಲ್ಪ ಬಿಸಿ ಮಾಡು: ಇದು ಮರ್ವಿನ್ ಪದ್ಧತಿ. ಬಸ್ಸು ಓಡಿಸಿದವನಲ್ಲವೇ, ಪ್ರತಿ ಸ್ಟಾಪಿನಲ್ಲೂ ನಿಲ್ಲಲೇಬೇಕು. ನಾನು ಎಕ್ಸ್‌ಪ್ರೆಸ್! ಬಟ್ಟಲನ್ನು ಮೈಕ್ರೋವೇವ್‌ನಲ್ಲಿಟ್ಟು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿಬಿಟ್ಟೆ.

ಬಟ್ಟಲು ಸುಂಯ್ ಎಂದು ಹಬೆ ಬಿಟ್ಟಿತು. ಬಿರುಕಿನ ಸುಳಿವೇ ಇಲ್ಲ. ಇನ್ನಷ್ಟು ಹೊತ್ತು ಇಟ್ಟೆ. ರಿಬ್ಬನ್ ಸಿಕ್ಕಾಗ ಮರ್ವಿನ್ ಮುಖ ಹೇಗೆ ಬಾಡೀತು ಎಂದು ಕಲ್ಪಿಸಿಕೊಂಡು ಸುಖಿಸುತ್ತಿರುವಾಗ ವಾಸನೆ ಬಂತು. ಮೈಕ್ರೋವೇವ್ ಟಪ್ ಎಂದು ಪ್ರಾಣ ಬಿಟ್ಟಿತು. ಬಾಗಿಲು ತೆಗೆದರೆ, ಹೊರಗಿನಿಂದ ಹೊನ್ನಿನಂತಿದ್ದ ಬಟ್ಟಲು ದಪ್ಪ ತಳದೊಳಗಿಂದ ಹೊಗೆ ಉಗುಳುತ್ತಿದೆ. ಹೊಟ್ಟೆಯೊಳಗೇ ಬೆಂಕಿ, ಥೇಟ್ ನನ್ನ ಹಾಗೆ. ಕೈಗೆ ಸಿಕ್ಕಿದ ಟವೆಲ್ಲಿನಲ್ಲಿ ಹಿಡಿದು ಅಂಗಳಕ್ಕೆ ಓಡಿ ನಲ್ಲಿಯ ಕೆಳಗೊಡ್ಡಿದೆ. ಢಮ್! ಎರಡು ಹೋಳು.

ಬೇಲಿಯ ಮೇಲೆ ಮರ್ವಿನ್‌ನ ಟೊಪ್ಪಿ ಮೂಡಿತು. “ಏನಪ್ಪಾ ನೋಯಲ್, ಅಡುಗೆ ಜೋರಾ?”

“ಆಲೂಗಡ್ಡೆ,” ಎಂದೆ.

ಗ್ವೆನ್ ಬಂದವಳು ಕೋಟು ಬಿಚ್ಚುವ ಮೊದಲೇ ಮೂಗೆಳೆದಳು. “ತಳ ಕರಕಲಾಯ್ತಾ?”

ನಾನು ಎರಡು ಹೋಳನ್ನೂ ಬೆನ್ನ ಹಿಂದೆ ಸರಿಸಿದೆ.

“ನೀನು ಗುಂಡಿ ಪೂರ್ತಿ ತಿರುಗಿಸ್ದೆ. ತಣ್ಣಗಾಗೋಕೆ ಬಿಡ್ಲಿಲ್ಲ. ತೂಕಾನೂ ನೋಡ್ಲಿಲ್ಲ.”

“ಇದೆಲ್ಲ ನಿನಗೆ ಹೇಗೆ ಗೊತ್ತು?”

“ಮರ್ವಿನ್ ಮನೇಲಿ ಮೈಕ್ರೋವೇವ್ ಎಲ್ಲಿದೆ ಮಾರಾಯ? ಅವನ ಬಟ್ಟಲು ಒಣಗಿಸಿಕೊಡೋದು ನಾನೇ. ನೀನು ಕ್ಲಬ್ಬಲ್ಲಿ ಗಾಳಿ ಬಗ್ಗೆ ಭಾಷಣ ಮಾಡ್ತಿರ್ತೀಯಲ್ಲ, ಆಗ.”

ನನ್ನ ಹೆಂಡತಿ, ನನ್ನ ಅಡುಗೆಮನೆ, ನನ್ನ ಕರೆಂಟು; ರಿಬ್ಬನ್ ಮಾತ್ರ ಮರ್ವಿನ್‌ಗೆ! “ನನ್ನದನ್ನ ಯಾಕೆ ಒಣಗಿಸಲಿಲ್ಲ?”

“ಒಣಗಿಸಿಕೊಡ್ಲಾ ಅಂತ ಮೊದಲು ನಿನ್ನನ್ನೇ ಕೇಳಿದ್ದೆ. ‘ಮರದ ವಿಷಯಕ್ಕೆ ಬರಬೇಡ, ಹೋಗಿ ನಿನ್ನ ಕೇಕ್ ನೋಡ್ಕೋ’ ಅಂದೆ ನೀನು. ಮರ್ವಿನ್ ‘ದಯವಿಟ್ಟು’ ಅಂದ.”

ಮರುದಿನವೇ ಹೊಸ ಮೈಕ್ರೋವೇವ್ ತಂದೆ. ಅದೇ ದಿಮ್ಮಿಯಿಂದ ಇನ್ನೊಂದು ಬಟ್ಟಲು ಕಡೆದು ಗ್ವೆನ್ ಮುಂದಿಟ್ಟು, ಬಾಯಿ ಬಿಟ್ಟು ‘ದಯವಿಟ್ಟು’ ಎಂದೆ.

“ಸಾಲಲ್ಲಿ ನಿಲ್ಲು,” ಎಂದಳು. “ಮರ್ವಿನ್‌ದು ಮೊದಲು ಬಂದಿದೆ.”

ಒಣಗಿಸುವ ಬಟ್ಟಲಿಗೆ ಕಾಗದದ ಚೀಲ ತೊಡಿಸಿಯೇ ಒಳಗಿಡಬೇಕಂತೆ. ಎರಡು ದಿನ ಬಿಟ್ಟು, ಹಾಗೆ ಚೀಲ ತೊಟ್ಟ ಬಟ್ಟಲನ್ನು ಅವಳು ಒಳಗಿಟ್ಟು ಗುಂಡಿಯನ್ನು ಹದವಾಗಿ ತಿರುಗಿಸಿದಳು. ನಾನು ತಕ್ಕಡಿ ಹಿಡಿದು ಚಾಕರಿಗೆ ನಿಂತೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಫೋನ್ ಬಡಿದುಕೊಂಡಿತು, ಗ್ವೆನ್ ಹೋದಳು. ಅಡುಗೆಮನೆಯಲ್ಲಿ ಉಳಿದವರು ನಾನು, ಮರ್ವಿನ್‌ನ ಬಟ್ಟಲು, ಗುಂಡಿ. ಒಂದೇ ಒಂದು ಸುತ್ತು ಸಾಕು, ಮೂರನೆಯ ರಿಬ್ಬನ್ ಹೊಗೆಯಾಗುತ್ತದೆ. ಬೇಡ ಬೇಡವೆಂದರೂ ಕೈ ತಾನಾಗಿ ಗುಂಡಿಯ ಮೇಲೆ ಕೂತಿತು.

“ಒಂದು ನಿಮಿಷ ಇರಿ,” ಎಂದು ಫೋನಿಗೆ ಹೇಳಿ, ಗ್ವೆನ್ ಅಲ್ಲಿಂದಲೇ ಕೂಗಿದಳು:

“ಕೈ ತೆಗಿ, ನೋಯಲ್. ಮರ್ವಿನ್‌ದು ನಿನ್ನೆಯೇ ಒಣಗಿಸಿ ಕೊಟ್ಟಾಯ್ತು. ಒಳಗಿರೋದು ನಿನ್ನದು.”